ಅರಿಷಿಣ ಹಚ್ಚಿಸಿಕೊಂಡ ಡೇರೆಗಂಬ

ನನ್ನ ಅಪ್ಪನಿಗೆ ಇಬ್ಬರು ಮಕ್ಕಳು. ಒಬ್ಬಳು ನಾನು, ಇನ್ನೊಂದು ಡೇರೆಯ ನಡುಗಂಬ. ಇಬ್ಬರಲ್ಲಿ ಮುದ್ದು ಯಾರಿಗೆ ಹೆಚ್ಚು ಎಂಬ ಬಗ್ಗೆ ನಮ್ಮ ಓಣಿಯಲ್ಲಿ ಯಾರಿಗೂ ಅನುಮಾನವಿರಲಿಲ್ಲ.

ಆಗ ಮದರಾಸು ಸರ್ಕಾರದ ಕಾಲ. ಬಿಳಿಯ ದೊರೆಗಳು ಕುರ್ಚಿ, ಮೇಜು, ಅಡಿಗೆಯವನು, ನಾಯಿ ಎಲ್ಲವನ್ನೂ ಕಟ್ಟಿಕೊಂಡು ಊರೂರಿಗೆ ಕ್ಯಾಂಪು ಹೋಗುತ್ತಿದ್ದರು. ಹೊಸಪೇಟೆ, ಹಂಪಿ ಕಡೆಯ ಕ್ಯಾಂಪಿಗೆ ಬೇಕಾದ ಡೇರೆಗಳು ಕಮಲಾಪುರದಲ್ಲಿ, ನಮ್ಮ ಮನೆಗೆ ಹೊಂದಿದ ಒಂದು ಕೊಟ್ಟಿಗೆಯಲ್ಲಿ ಇರುತ್ತಿದ್ದವು. ಅವನ್ನು ಕಾಯುವುದು, ಬಿಸಿಲಿಗೆ ಹರವುವುದು, ದೊರೆ ಬಂದಾಗ ಕೆರೆಯ ಪಕ್ಕದ ಮಾವಿನ ತೋಪಿನಲ್ಲಿ ಎಬ್ಬಿಸಿ ನಿಲ್ಲಿಸುವುದು ಅಪ್ಪನ ಕೆಲಸ. ಬಟ್ಟೆ, ಹಗ್ಗ, ಗೂಟ ಇವುಗಳ ಬಗ್ಗೆ ಅವನಿಗೆ ಅಂಥಾ ಪ್ರೀತಿಯೇನೂ ಇರಲಿಲ್ಲ. ಅವನ ಜೀವವೆಲ್ಲ ದೊರೆಯ ಡೇರೆಯನ್ನು ಹೊತ್ತು ನಿಲ್ಲುವ ಆ ಒಂದೇ ಒಂದು ನಡುಗಂಬದಲ್ಲಿತ್ತು. ಕಂಬ ನೆಟ್ಟಗಿದ್ದರೆ ಸರ್ಕಾರ ನೆಟ್ಟಗಿರುತ್ತದೆ ಎಂದು ಅವನು ನಿಜವಾಗಿಯೂ ನಂಬಿದ್ದ.

ನಾನು ಚಿಕ್ಕವಳಿದ್ದಾಗ ಒಮ್ಮೆ ಜ್ವರ ಬಂದು ಅಂಗಳದ ಎಳೆಬಿಸಿಲಿನಲ್ಲಿ ಮಲಗಿದ್ದೆ. ಪಕ್ಕದಲ್ಲೇ ಕಂಬವೂ ಮಲಗಿತ್ತು. ಇದ್ದಕ್ಕಿದ್ದ ಹಾಗೆ ದಪ್ಪ ದಪ್ಪ ಮಳೆಹನಿ ಬಿದ್ದವು. ಅಪ್ಪ ಎದ್ದೆನೋ ಬಿದ್ದೆನೋ ಎಂದು ಓಡಿ ಬಂದು ಕಂಬವನ್ನು ಎತ್ತಿಕೊಂಡು ಒಳಗೆ ಹೋದ. ನನ್ನನ್ನು ಅವ್ವ ಎತ್ತಿಕೊಂಡಳು. ಅವ್ವ ಅವನನ್ನು ಬಾಯಿಗೆ ಬಂದ ಹಾಗೆ ಬೈದಳು. ಅಪ್ಪ ನನ್ನ ಹಣೆ ಮುಟ್ಟಿ ನೋಡಿ, ಬಹಳ ಶಾಂತವಾಗಿ ಹೇಳಿದ:

"ನೀ ತೊಯ್ದರ ಒಣಗತೀ ಅವ್ವಿ. ಕಂಬ ತೊಯ್ದರ ಡೊಂಕಾಗತೈತಿ."



ಆ ಹಳೆಯ ಕಂಬ ಸೀಳು ಬಿಟ್ಟದ್ದು ದರೋಜಿಯಲ್ಲಿ. ತಪ್ಪು ಅಪ್ಪನದೇ. ಬೆಲ್ಲದ ನೀರಿಗೆ ಸುಣ್ಣ ಕಲಸಿ ಹಚ್ಚಿದರೆ ಬಿದಿರು ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ ಎಂದು ಕಂಪ್ಲಿಯ ಗಾಣದವನೊಬ್ಬ ಹೇಳಿದ್ದ. ಅಪ್ಪ ಸುಣ್ಣದ ಮಾತು ಮರೆತು ಬೆಲ್ಲದ ಮಾತು ನೆನಪಿಟ್ಟುಕೊಂಡು, ಜೋನಿಬೆಲ್ಲವನ್ನೇ ಕಂಬಕ್ಕೆ ಬಳಿದ. ಕಂಬ ಮಸ್ತಾಗಿ ಹೊಳೆಯಿತು. ದರೋಜಿ ಕ್ಯಾಂಪಿನಲ್ಲಿ ಮೊದಲು ಇರುವೆ ಬಂದವು, ಆಮೇಲೆ ನೊಣ ಬಂದವು, ಸಂಜೆ ಹೊತ್ತಿಗೆ ಗುಡ್ಡ ಇಳಿದು ಕರಡಿ ಬಂತು. ದೊರೆ ಪುಣ್ಯಕ್ಕೆ ವಾಯುವಿಹಾರಕ್ಕೆ ಹೋಗಿದ್ದರು. ಕರಡಿ ಡೇರೆಯೊಳಗೆ ನುಗ್ಗಿ ಕಂಬವನ್ನು ಎರಡೂ ಕೈಯಿಂದ ತಬ್ಬಿಕೊಂಡು ಕೆಳಗಿನಿಂದ ಮೇಲಿನವರೆಗೂ ನೆಕ್ಕಿತಂತೆ. ಅದರ ಭಾರಕ್ಕೆ ಕಂಬ ಚಟ್ಟೆಂದಿತು. ಅಪ್ಪ ಮನೆಗೆ ಬಂದು ಈ ಕಥೆಯನ್ನು ಹೇಳುವಾಗ ಅತ್ತುಬಿಟ್ಟ. ಅವ್ವ ನಕ್ಕು ನಕ್ಕು ಒಲೆಯ ಮೇಲಿನ ರೊಟ್ಟಿ ಸೀದುಹೋಯಿತು.

ಹೊಸ ಕಂಬ ತರುವ ಸಂಭ್ರಮ ಶುರುವಾಯಿತು. ನಮ್ಮ ಸುತ್ತಿನ ಬಿದಿರು ಯಾವುದೂ ಅಪ್ಪನಿಗೆ ಹಿಡಿಸಲಿಲ್ಲ. ಅವನಿಗೆ ಒಳಗೆ ಪೊಳ್ಳಿಲ್ಲದ ಗಂಡು ಬಿದಿರೇ ಬೇಕು, ಅದೂ ಸಂಡೂರಿನ ಗುಡ್ಡದ್ದೇ ಬೇಕು. ಸಂಡೂರು ಬೇರೆ ಸಂಸ್ಥಾನ. ಹೆಣ್ಣು ನೋಡಲು ಪರವೂರಿಗೆ ಹೋಗುವುದನ್ನು ಕೇಳಿದ್ದೇವೆ, ಕಂಬ ನೋಡಲು ಪರರಾಜ್ಯಕ್ಕೆ ಹೋದವನು ಅವನೊಬ್ಬನೇ ಇರಬೇಕು. ಅಲ್ಲಿ ಒಂದೊಂದು ಬಿದಿರನ್ನೂ ಬೆರಳ ಗೆಣ್ಣಿನಿಂದ ಬಡಿದು ಕಿವಿಯಿಟ್ಟು ಕೇಳುತ್ತಿದ್ದ. ಒಂದು ಕಣ್ಣು ಮುಚ್ಚಿ ತುದಿಯಿಂದ ಬುಡದವರೆಗೆ ನೋಡುತ್ತಿದ್ದ. "ಇದರ ನಡ ಸರಿ ಇಲ್ಲ" ಎಂದು ಎದ್ದು ಬರುತ್ತಿದ್ದ. ಎರಡು ಸಲ ಬರಿಗೈಯಲ್ಲಿ ಬಂದ. ಮೂರನೆಯ ಸಲ ಹೋದಾಗ ಬಿದಿರು ಮಾರುವವರು ಅವನನ್ನು ದೂರದಿಂದಲೇ ನೋಡಿ ಊಟಕ್ಕೆ ಎದ್ದುಹೋದರಂತೆ. ಕಡೆಗೂ ಒಂದು ಸಿಕ್ಕಿತು. ಕತ್ತಲ ಪಕ್ಷದಲ್ಲೇ ಕಡಿಸಬೇಕು, ಇಲ್ಲದಿದ್ದರೆ ಹುಳ ಬೀಳುತ್ತದೆ ಎಂದು ಅಮಾವಾಸ್ಯೆಯವರೆಗೆ ಅಲ್ಲೇ ಯಾರದೋ ಜಗಲಿಯ ಮೇಲೆ ಉಳಿದ.

ಅದೇ ವರ್ಷ ನನಗೂ ಗಂಡು ನೋಡಿದರು. ಕಂಪ್ಲಿಯ ಕಡೆ ಕಬ್ಬು ಬೆಳೆಯುವ ಮನೆತನ. ಒಂದು ತಟ್ಟೆ ಉಪ್ಪಿಟ್ಟು ಮುಗಿಯುವುದರೊಳಗೆ ಮಾತು ಮುಗಿದಿತ್ತು. ವರನನ್ನು ಯಾರೂ ಬಡಿದು ನೋಡಲಿಲ್ಲ, ಒಂದು ಕಣ್ಣು ಮುಚ್ಚಿಯೂ ನೋಡಲಿಲ್ಲ. ನಾನು ಒಳಮನೆಯ ಬಾಗಿಲ ಸಂದಿಯಿಂದ ಇದನ್ನೆಲ್ಲ ಕಂಡು ಕುದಿಯುತ್ತಿದ್ದೆ.

ಕಂಬ ಮನೆಗೆ ಬಂದ ಮೇಲೆ ಅದರ ಬಾಣಂತನ ನಡೆಯಿತು. ಕೆರೆಯ ನೀರಿನಲ್ಲಿ ಕಲ್ಲು ಹೇರಿ ಮುಳುಗಿಸಿಟ್ಟರು. ಆಮೇಲೆ ನೆರಳಿನಲ್ಲಿ ಒಣಗಿಸಿದರು, ಬೆಂಕಿಯ ಮೇಲೆ ಹಿಡಿದು ಕಾಯಿಸಿ ಇದ್ದ ಸಣ್ಣ ಡೊಂಕನ್ನೂ ತಿದ್ದಿದರು. ಡೇರೆಯ ಬಟ್ಟೆಯ ತೂತಿಗೆ ಸಿಕ್ಕಿಸಲು ತುದಿಗೆ ಕಬ್ಬಿಣದ ಮುಳ್ಳು ಕೂಡಿಸಿದರು. ಗೆದ್ದಲು ಮುಟ್ಟಬಾರದೆಂದು ಅಪ್ಪ ದಿನಾ ಸಂಜೆ ಅದಕ್ಕೆ ಹೊಂಗೆ ಎಣ್ಣೆ ತಿಕ್ಕುತ್ತಿದ್ದ. ನನ್ನ ತಲೆಗೆ ಕೊಬ್ಬರಿ ಎಣ್ಣೆ ಇಲ್ಲದ ದಿನ ಇತ್ತು, ಕಂಬಕ್ಕೆ ಹೊಂಗೆ ಎಣ್ಣೆ ಇಲ್ಲದ ದಿನ ಇರಲಿಲ್ಲ. ಹಿತ್ತಲ ಸೂರಿನ ಕೆಳಗೆ, ಎರಡು ಕಲ್ಲಿನ ಮೇಲೆ, ನೆಲ ತಾಕದ ಹಾಗೆ ಅದು ಮಲಗಿರುತ್ತಿತ್ತು. ಡೇರೆಗಂಬದ ಬುಡಕ್ಕೆ ಮಣ್ಣು ಸೋಕಿದರೆ ಅದರ ಆಯುಷ್ಯ ಮುಗಿಯಿತು ಎಂಬುದು ಅಪ್ಪನ ದೊಡ್ಡ ಕಟ್ಟಳೆ. ಡೇರೆ ಹಾಕುವಾಗಲೂ ಮೊದಲು ಚಪ್ಪಟೆ ಕಲ್ಲು ಇಟ್ಟು ಅದರ ಮೇಲೇ ಕಂಬ ನಿಲ್ಲಿಸುತ್ತಿದ್ದ.

ಮದುವೆ ಹತ್ತಿರ ಬಂತು. ನಮ್ಮ ಕಡೆ ಮದುವೆ ಮನೆಯ ಹಂದರಕ್ಕೆ ಮೊದಲು ಹಾಲಗಂಬ ನಿಲ್ಲಿಸುತ್ತಾರೆ. ಅದನ್ನು ತರಬೇಕಾದವನು ಮದುಮಗಳ ಸೋದರಮಾವ. ಕುಣಿ ತೋಡಿ, ಕಂಬದ ತುದಿಗೆ ಆಲದ ಟೊಂಗೆ ಕಟ್ಟಿ, ಬುಡಕ್ಕೆ ಹಾಲೆರೆದು, ಅರಿಷಿಣ ಕುಂಕುಮ ಹಚ್ಚಿ, ಕಂಕಣ ಕಟ್ಟಿ ನೆಟ್ಟರೆ ಮುಗಿಯಿತು. ಮದುವೆಯೆಲ್ಲ ಆಗಿ ಕಂಕಣ ಬಿಚ್ಚುವವರೆಗೆ ಅದನ್ನು ಅಲುಗಿಸುವ ಹಾಗಿಲ್ಲ. ಅಲುಗಿಸಿದರೆ ಸಂಬಂಧವೇ ಅಲುಗಿದ ಹಾಗೆ.

ನನ್ನ ಸೋದರಮಾವ ಮರಿಯಮ್ಮನಹಳ್ಳಿಯವನು. ಬಹಳ ಒಳ್ಳೆಯವನು, ಆದರೆ ಗಾಡಿ ಹತ್ತಿದರೆ ನಿದ್ದೆ. ಹಾಲಗಂಬವನ್ನು ಗಾಡಿಯ ಹಿಂದೆ ಕಟ್ಟಿಕೊಂಡು ಹೊರಟವನು ಕಮಲಾಪುರದಲ್ಲಿ ಕಣ್ಣು ಬಿಟ್ಟಾಗ ಹಗ್ಗ ಮಾತ್ರ ನೇತಾಡುತ್ತಿತ್ತು. ಕಂಬ ಎಲ್ಲಿ ಜಾರಿಬಿತ್ತೋ ಆ ಎತ್ತುಗಳಿಗೇ ಗೊತ್ತು. ಅಂಗಳದಲ್ಲಿ ಮುತ್ತೈದೆಯರು ಆರತಿ ಹಿಡಿದು ನಿಂತಿದ್ದರು. ಒಳ್ಳೆ ಹೊತ್ತು ಮೀರುತ್ತಿತ್ತು. ಅಪ್ಪ ಕ್ಯಾಂಪಿನ ಹಗ್ಗಕ್ಕೆ ಪುಂಡಿನಾರು ತರಲು ಕಂಪ್ಲಿಗೆ ಹೋಗಿದ್ದ. ಮಾವ "ತರ್ತೀನಿ, ತರ್ತೀನಿ" ಎನ್ನುತ್ತ ಹಿತ್ತಲಿಗೆ ಹೋದವನು, ಎಣ್ಣೆ ತಿಕ್ಕಿಸಿಕೊಂಡು ಮಿರಿಮಿರಿ ಮಿಂಚುವ ಒಂದು ಕಂಬವನ್ನು ಹೆಗಲ ಮೇಲೆ ಹೊತ್ತು ಬಂದ.

ಮಣೆಯ ಮೇಲೆ ಕೂತಿದ್ದ ನಾನು ನೋಡಿದ ಕೂಡಲೇ ಅದರ ಗುರುತು ಹಿಡಿದೆ.

"ಮಾವಾ, ಅದು ಅಪ್ಪನ ಕಂಬ" ಎಂದೆ.

"ಸುಮ್ನ ಕುಂದ್ರು. ಮದಿಮಗಳು ಬಾಯಿ ಬಿಡಬಾರದು" ಎಂದ ಮಾವ. ಮುಳ್ಳಿಗೆ ಆಲದ ಟೊಂಗೆಯನ್ನು ಸಿಕ್ಕಿಸುತ್ತ, "ನೋಡು, ಎಷ್ಟ ಚಂದ ಕುಂತತಿ! ಟೊಂಗಿ ಕಟ್ಟಾಕಂತನ ಮಾಡಿದಂಗೈತಿ" ಎಂದು ಮೆಚ್ಚಿಕೊಂಡ.

ಅವ್ವ ಅಡಿಗೆಮನೆಯಿಂದ ಬರುವಷ್ಟರಲ್ಲಿ ಕುಣಿಯಲ್ಲಿ ಕಂಬ ನಿಂತು, ಹಾಲು ಬಿದ್ದು, ಕಂಕಣ ಬಿದ್ದಾಗಿತ್ತು. ಹಾಲು, ಹೊಂಗೆ ಎಣ್ಣೆ ಕೂಡಿದ ವಾಸನೆಗೆ ಅವಳು ಎಲ್ಲವನ್ನೂ ಅರ್ಥ ಮಾಡಿಕೊಂಡು ತಲೆಯ ಮೇಲೆ ಕೈ ಇಟ್ಟುಕೊಂಡಳು.

ಸಂಜೆ ಅಪ್ಪ ಬಂದ. ಹಂದರ ನೋಡಿ ಸಂತೋಷಪಟ್ಟ. ಕಂಬದ ಹತ್ತಿರ ಬಂದ. ಮೂಗು ಅರಳಿಸಿದ. ಬೆರಳ ಗೆಣ್ಣಿನಿಂದ ಮೆಲ್ಲಗೆ ಬಡಿದು ಕಿವಿಯಿಟ್ಟು ಕೇಳಿದ. ಆಮೇಲೆ ಅಲ್ಲೇ ಕುಸಿದು ಕೂತ.

"ಇದು ನನ್ನ ಕಂಬ."

"ಬಿದಿರು ಅಂದ್ರ ಎಲ್ಲಾ ಒಂದ ಥರಾ ಇರ್ತಾವ, ಭಾವಾ" ಎಂದ ಮಾವ, ಬಾಗಿಲ ಕಡೆ ಸರಿಯುತ್ತ.

"ನಿನ್ನ ಮುಖಾನೂ ಎಲ್ಲರಂಗ ಇದ್ರ ಎಷ್ಟ ಚೊಲೋ ಇತ್ತಲೇ! ಕುಣಿಯಾಗ ನೆಟ್ಟೀಯಲ್ಲ, ಬುಡಕ ಮಣ್ಣು ಹತ್ತೈತಿ! ಮ್ಯಾಲ ಹಾಲು ಬ್ಯಾರೆ ಹಾಕೀರಿ, ಗೆದ್ದಲಿಗೆ ಊಟಕ್ಕ ಕರದಂಗ!"

ಅವ್ವ ನಡುವೆ ಬಂದು ಬಾಯಿ ಮುಚ್ಚಿಸಿದಳು. ಕ್ಯಾಂಪಿಗೆ ಇನ್ನೂ ಹದಿನೈದು ದಿನ ಇದೆ, ಮದುವೆ ನಾಡಿದ್ದೇ ಮುಗಿಯುತ್ತದೆ, ಕಂಕಣ ಬಿಚ್ಚಿದ ಕೂಡಲೇ ಕಂಬ ಕಿತ್ತು ತೊಳೆದುಕೊಂಡರಾಯಿತು ಎಂದಳು. ಅಪ್ಪ ಒಪ್ಪಿದ. ಆದರೆ ಆ ಗಳಿಗೆಯಿಂದ ಕೈಯಲ್ಲಿ ಒಂದು ಕಡ್ಡಿ ಹಿಡಿದು, ಆಗಾಗ ಬಂದು ಕಂಬದ ಬುಡದಲ್ಲಿ ಬಗ್ಗಿ, ಗೆದ್ದಲು ಬಂತೇ ಎಂದು ಕೆದಕಿ ನೋಡತೊಡಗಿದ.

ಮರುದಿನ ಬೆಳಿಗ್ಗೆ ಬೀಗರ ದಂಡು ಬಂತು. ವರನ ಸೋದರತ್ತೆಯೇ ಅದರ ಸೇನಾಪತಿ. ಬಂದವಳೇ ಹಂದರದಲ್ಲಿ ಎಲೆಅಡಿಕೆಯ ಚೀಲ ಬಿಚ್ಚಿಕೊಂಡು ಕೂತು, ನೀರು ಉಪ್ಪು, ಚಾಪೆ ಚಿಕ್ಕದು, ಹುಡುಗಿ ಕಪ್ಪು ಎಂದು ಒಂದೊಂದೇ ಹುಳುಕು ಹೆಕ್ಕತೊಡಗಿದಳು. ಅಪ್ಪ ಮತ್ತೆ ಮತ್ತೆ ಬಂದು ಹಾಲಗಂಬದ ಬುಡಕ್ಕೆ ಹಣೆ ತಾಕುವಷ್ಟು ಬಗ್ಗುವುದನ್ನು ಮಾತ್ರ ಬಹಳ ಮೆಚ್ಚಿದಳು.

"ಬೀಗರು ಭಾಳ ದೈವಭಕ್ತರು ನೋಡ್ರಿ" ಎಂದಳು. ಅವ್ವ ಸೆರಗು ಬಾಯಿಗೆ ತುರುಕಿಕೊಂಡು ಒಳಗೆ ಓಡಿದಳು.

ಮಧ್ಯಾಹ್ನ ತಾಲ್ಲೂಕು ಕಚೇರಿಯ ಶಿರಸ್ತೇದಾರರು ಗಾಡಿ ಹೊಡೆಸಿಕೊಂಡು ಬಂದರು. ದೊರೆಗೆ ಹಂಪಿ ನೋಡುವ ಮನಸ್ಸಾಗಿ ಕ್ಯಾಂಪು ಮುಂದಕ್ಕೆ ಬಂದಿದೆ, ನಾಳೆ ಬೆಳಿಗ್ಗೆಯೇ ತೋಪಿನಲ್ಲಿ ಡೇರೆ ಎದ್ದಿರಬೇಕು ಎಂದರು. ನಾಳೆ ಎಂದರೆ ನನ್ನ ಮದುವೆ. ಶಿರಸ್ತೇದಾರರು ಡೇರೆ, ಹಗ್ಗ, ಗೂಟ ಎಲ್ಲವನ್ನೂ ಗಾಡಿಗೆ ಹೇರಿಸಿ, "ನಡುಗಂಬ ಎಲ್ಲಿ?" ಎಂದು ಕೇಳಿದರು. ಅಪ್ಪನ ಕಣ್ಣು ಹಾಲಗಂಬದ ಕಡೆ ಹೊರಳಿತು. ಶಿರಸ್ತೇದಾರರು ತಲೆ ಎತ್ತಿ ಆಲದ ಟೊಂಗೆಯ ನಡುವೆ ಇಣುಕುವ ಸರ್ಕಾರದ ಕಬ್ಬಿಣದ ಮುಳ್ಳನ್ನು ನೋಡಿದರು. ಅವರ ಮುಖ ಕೆಂಪಗಾಯಿತು.

"ಸರ್ಕಾರದ ಕಂಬಕ್ಕ ಕಂಕಣ ಕಟ್ಟೀಯೇನಲೇ? ಕಿತ್ತು ಗಾಡಿಗೆ ಹಾಕು. ಇಲ್ಲಂದ್ರ ನಾಳಿಂದ ನಿನಗ ಕೆಲಸಿಲ್ಲ!"

ಸೋದರತ್ತೆ ಎಲೆ ಉಗುಳಿ ಎದ್ದು ನಿಂತಳು. ಕಂಬದ ಬುಡಕ್ಕೆ ಬಂದು, ಅದಕ್ಕೆ ಬೆನ್ನು ಕೊಟ್ಟು ಕಾಲು ಚಾಚಿ ಕೂತಳು. "ಹಾಲಗಂಬ ಒಂದು ಬೆರಳು ಅಲುಗಿದ್ರೂ ನಾವು ಗಾಡಿ ಹತ್ತತೀವಿ. ಈ ಸಂಬಂಧ ಇಲ್ಲಿಗೆ ಮುಗೀತು" ಎಂದಳು.

ನಾನು ಕಿಟಕಿಯ ಸರಳು ಹಿಡಿದು ನೋಡುತ್ತಿದ್ದೆ. ನಿಜ ಹೇಳಬೇಕೆಂದರೆ ನನಗೆ ಆಶೆ ಇರಲಿಲ್ಲ. ಅವನಿಗೆ ಮೊದಲು ಕಂಬ, ಆಮೇಲೆ ನಾನು ಎಂದು ನನಗೆ ತಿಳಿದಿತ್ತು. ಅಪ್ಪ ಹಾರೆಯನ್ನು ಎತ್ತಿಕೊಂಡ. ಈ ಮನೆಯಲ್ಲಿ ಕಂಬವಾಗಿ ಹುಟ್ಟಿದ್ದರೆ ಚೆನ್ನಾಗಿತ್ತು ಎಂದು ಅಳು ಬಂತು.

ಅಪ್ಪ ಹಾರೆಯನ್ನು ಒಯ್ದು ಗಾಡಿಯಲ್ಲಿ, ಗೂಟಗಳ ಪಕ್ಕದಲ್ಲಿ ಇಟ್ಟ.

"ಗೂಟದ ಕುಣಿ ತೋಡಾಕ ಇದೂ ಬೇಕಾಗತೈತ್ರಿ" ಎಂದ. ಆಮೇಲೆ ಹೆಗಲ ಮೇಲಿನ ವಸ್ತ್ರ ತೆಗೆದು ಕೈಯಲ್ಲಿ ಹಿಡಿದು, "ಕಂಬ ಬರಂಗಿಲ್ರಿ, ಸಾಹೇಬ್ರ. ಅರಿಷಿಣ ಹಚ್ಚೇವಿ. ನನ್ನ ಮಗಳ ಮದುವಿ ಆಗೂಮಟ ಅದು ಸರ್ಕಾರದ್ದಲ್ಲ. ಕೆಲಸ ತಗೀತೀರೇನು, ತಗೀರಿ. ಡೇರೆ ಮಾತ್ರ ನಾಳಿ ನಿಂತಿರತೈತಿ" ಎಂದ.

ಶಿರಸ್ತೇದಾರರು ಗೊಣಗುತ್ತ ಗಾಡಿ ಹತ್ತಿದರು. ಬೇರೆ ಕಂಬ ತರುವಷ್ಟು ಹೊತ್ತು ಇರಲಿಲ್ಲ.

ಕರಡಿ ಮುರಿದ ಹಳೆಯ ಕಂಬವನ್ನು ಅಪ್ಪ ಕೊಟ್ಟಿಗೆಯಿಂದ ಹೊರಗೆ ತಂದ. ಸೀಳಿದ ಕಡೆ ಸುತ್ತ ಬಿದಿರಿನ ದಬ್ಬೆಗಳನ್ನು ಇಟ್ಟು, ಕಂಪ್ಲಿಯಿಂದ ತಂದ ಪುಂಡಿನಾರಿನ ಹಗ್ಗದಿಂದ ಬಿಗಿದು ಕಟ್ಟಿದ. ಇಲ್ಲಿ ಒಂದು ಯಡವಟ್ಟು ಮಾಡಿದ. ಒಣಗಿದ ಹಗ್ಗದಿಂದ ಕಟ್ಟಿ ಆಮೇಲೆ ನೀರು ಹಾಕಬೇಕು, ಆಗ ಹಗ್ಗ ಬಿಗಿಯುತ್ತದೆ ಎಂದು ಊರಿಗೆಲ್ಲ ಪಾಠ ಹೇಳುತ್ತಿದ್ದವನು, ಆ ದಿನ ನೀರಿನಲ್ಲಿ ನೆನೆದು ಬಿದ್ದಿದ್ದ ಹಗ್ಗವನ್ನೇ ಎಳೆದು ಕಟ್ಟಿದ. ಮುಂದೆ ಅವ್ವ ಎಷ್ಟೋ ಸಲ ಈ ಬಗ್ಗೆ ಅವನನ್ನು ಕಾಡಿದ್ದಾಳೆ. "ಗಡಿಬಿಡಿಯಾಗ ಆತಬೇ" ಎಂದು ಮಾತ್ರ ಹೇಳುತ್ತಿದ್ದ.

ಮದುವೆಯ ದಿನ ಬೆಳಿಗ್ಗೆ ತೋಪಿನಲ್ಲಿ ಡೇರೆ ನಿಂತಿತು. ದೊರೆ ಕುರ್ಚಿಯ ಮೇಲೆ ಕೂತು ಊರವರ ಅಹವಾಲು ಕೇಳಲು ಶುರು ಮಾಡಿದರು. ಬಿಸಿಲು ಏರಿತು. ಹಗ್ಗ ಒಣಗಿ ಸಡಿಲವಾಯಿತು. ಕಂಬದಿಂದ ಕಿರ್ ಎಂದು ಸದ್ದು ಬಂದದ್ದು ಕೇಳಿ, ಮನೆಗೆ ಹೊರಟಿದ್ದ ಅಪ್ಪ ಓಡಿಬಂದು ಅದನ್ನು ಎರಡೂ ಕೈಯಿಂದ ತಬ್ಬಿ ಹಿಡಿದುಕೊಂಡ. ಇವನು ಯಾಕೆ ಹೀಗೆ ನಿಂತಿದ್ದಾನೆ ಎಂದು ದೊರೆ ಕೇಳಿದರಂತೆ. ಈ ಸೀಮೆಯ ಪದ್ಧತಿ ಎಂದು ಶಿರಸ್ತೇದಾರರು ಹೇಳಿದರಂತೆ. ದೊರೆ ತಲೆದೂಗಿ ಕೆಲಸ ಮುಂದುವರಿಸಿದರು. ಇದನ್ನೆಲ್ಲ ನಮಗೆ ಆಮೇಲೆ ಹೇಳಿದವನು ಆಡಿನ ತಕರಾರು ತಂದಿದ್ದ ಒಬ್ಬ ರೈತ. ಸಾಕ್ಷಿಗೆಂದು ಆಡನ್ನೂ ಡೇರೆಯೊಳಗೆ ತಂದು ನಿಲ್ಲಿಸಿದ್ದ.

ಇತ್ತ ಹಂದರದಲ್ಲಿ ನಾನು ವರನ ಪಕ್ಕದಲ್ಲಿ ಕೂತಿದ್ದೆ. ಅಯ್ಯನವರು ಮಂತ್ರ ಮುಗಿಸುತ್ತ ಬಂದಿದ್ದರು. ಕೂಡಿದವರ ಕೈಗೆಲ್ಲ ಅಕ್ಕಿಕಾಳು ಹಂಚಿಯಾಗಿತ್ತು. ಅಪ್ಪ ಎಲ್ಲಿ ಎಂದು ಅವ್ವ ಬಾಗಿಲ ಕಡೆ ನೋಡಿದಳು, ನಾನೂ ನೋಡಿದೆ. ಹೊತ್ತು ಮೀರುತ್ತದೆ ಎಂದು ಸೋದರತ್ತೆ ಗುಡುಗಿದಳು. ಅಯ್ಯನವರು ಕೈ ಸನ್ನೆ ಮಾಡಿದರು. ವಾಲಗದವರು ಗಟ್ಟಿಮೇಳ ಹಿಡಿದರು. ಊರ ಆಚೆಯ ತೋಪಿಗೂ ಕೇಳುವಂತೆ ಡೊಳ್ಳು, ಸನಾಯಿ ಮೊಳಗಿದವು.

ಅಲ್ಲಿ ಅಪ್ಪ ಅದನ್ನು ಕೇಳಿದ. ಕೇಳಿ, ಕಂಬದ ಕೈ ಬಿಟ್ಟ.

ಡೇರೆ ಒಮ್ಮೆಲೇ ಬೀಳಲಿಲ್ಲವಂತೆ, ಎಮ್ಮೆ ಮಲಗುವ ಹಾಗೆ ನಿಧಾನವಾಗಿ ಒಂದು ಮಗ್ಗುಲಿಗೆ ಒರಗಿತಂತೆ. ದೊರೆ, ಶಿರಸ್ತೇದಾರರು, ರೈತರು, ಮೇಜು, ಮಸಿಕುಡಿಕೆ ಎಲ್ಲವೂ ಒಳಗೆ. ಮೊದಲು ಹೊರಗೆ ಬಂದದ್ದು ಆಡು. ಅಷ್ಟು ಹೊತ್ತಿಗೆ ಅಪ್ಪ ಕಾಸೆ ಬಿಗಿದು ಓಡಿ ನಮ್ಮ ಹಂದರದೊಳಗೆ ಬಂದು ಬಿದ್ದಿದ್ದ. ತಲೆಯ ಮೇಲೆ ರುಮಾಲು ಇರಲಿಲ್ಲ, ಒಂದು ಕಾಲಲ್ಲಿ ಕೆರವಿರಲಿಲ್ಲ.

"ದೊರೆ ಎಲ್ಲಿ?" ಎಂದು ಅವ್ವ ಗಾಬರಿಯಿಂದ ಕೇಳಿದಳು.

"ಡೇರೆ ಒಳಗ ಅದಾರ. ಹೊರಗ ಬರಾಕ ಇನ್ನಾ ಹೊತ್ತು ಹಿಡೀತೈತಿ. ಜಲ್ದಿ ಅಕ್ಕಿಕಾಳು ಹಾಕ್ರಿ!"

ಹಾಕಿದರು. ಅಪ್ಪನ ಕೈಯಲ್ಲಿ ಅಕ್ಕಿಕಾಳು ಇರಲಿಲ್ಲ, ಯಾರದೋ ಬೊಗಸೆಗೆ ಕೈ ಹಾಕಿ ಹಿಡಿಯಷ್ಟು ಕಸಿದುಕೊಂಡು ನನ್ನ ತಲೆಯ ಮೇಲೆ ಸುರಿದ. ಅವನ ಕೈಯಿಂದ ಹೊಂಗೆ ಎಣ್ಣೆಯ ವಾಸನೆ ಬಂತು. ನಾನು ಅಳುತ್ತಿದ್ದೆನೋ ನಗುತ್ತಿದ್ದೆನೋ ನನಗೇ ತಿಳಿಯಲಿಲ್ಲ. ಅಷ್ಟು ಖುಷಿ ನನಗೆ ಆಮೇಲೆ ಮಕ್ಕಳು ಹುಟ್ಟಿದಾಗಲೂ ಆಗಲಿಲ್ಲ.

ದೊರೆ ಗಾಳಿಗೆ ಡೇರೆ ಬಿತ್ತು ಎಂದುಕೊಂಡು, ಟೋಪಿ ಕೊಡವಿಕೊಂಡು, ಅಲ್ಲಿಂದಲೇ ಹಂಪಿಗೆ ಹೋದರಂತೆ. ಶಿರಸ್ತೇದಾರರು ಹಾಗೆ ಬಿಡಲಿಲ್ಲ. ಕೆಲಸ ತೆಗೆಯಲಿಲ್ಲ, ಆದರೆ ಅಪ್ಪನನ್ನು ಡೇರೆಗಳಿಂದ ಬಿಡಿಸಿ ಹೊಸಪೇಟೆಯ ಕಚೇರಿಯ ಬಾಗಿಲಲ್ಲಿ ಜವಾನನಾಗಿ ನಿಲ್ಲಿಸಿದರು. ಕಂಕಣ ಬಿಚ್ಚಿದ ದಿನ ಕಂಬವನ್ನು ಕಿತ್ತು, ತೊಳೆದು, ಒರೆಸಿ, ಅವನೇ ಹೊತ್ತೊಯ್ದು, ಡೇರೆ ಕಾಯಲು ಹೊಸದಾಗಿ ಬಂದ ಇನ್ನೊಬ್ಬನ ಕೈಗೆ ಒಪ್ಪಿಸಿ ಬಂದ. ಮತ್ತೆ ಅದರ ಮಾತು ಎತ್ತಲಿಲ್ಲ.

ಅದೇ ದಿನ ನಾನು ಕಂಪ್ಲಿಗೆ ಹೊರಡಬೇಕಾಗಿತ್ತು. ಕಮಾನುಗಾಡಿ ಹೂಡಿ ನಿಂತಿತ್ತು. ಬೀಗರೆಲ್ಲ ಹತ್ತಿ ಕೂತಿದ್ದರು. ಅವ್ವ ಅತ್ತು ಮುಗಿಸಿದ್ದಳು. ಅಪ್ಪ ಗಾಡಿಯ ಸುತ್ತ ತಿರುಗುತ್ತಿದ್ದ. ಕಮಾನಿನ ಬಿದಿರುಗಳನ್ನು ಒಂದೊಂದಾಗಿ ಬಡಿದು ಕೇಳುತ್ತ ಬಂದವನು, ನಾನು ಕೂತ ಕಡೆಯ ಬಿದಿರಿನ ಹತ್ತಿರ ನಿಂತ.

"ಗಾಡಿ ಬಿಡಬ್ಯಾಡ್ರಿ. ಇದು ಸೀಳೈತಿ" ಎಂದ.

"ಹೊತ್ತಾತ್ರಿ ಬೀಗರ" ಎಂದಳು ಸೋದರತ್ತೆ.

"ಸೀಳೈತ್ರೀ ಅಕ್ಕಾರ. ದಾರ್ಯಾಗ ಮುರದ್ರ ಹುಡುಗಿ ತಲಿ ಮ್ಯಾಲ ಬೀಳತೈತಿ."

ಮನೆಯೊಳಗೆ ಹೋಗಿ ಹಗ್ಗ ತಂದ. ಸುತ್ತಿ ಕಟ್ಟಿದ. ಸರಿಯಾಗಲಿಲ್ಲ ಎಂದು ಬಿಚ್ಚಿದ. ಮತ್ತೆ ಮೊದಲಿನಿಂದ ಸುತ್ತಿದ, ಮತ್ತೆ ಬಿಚ್ಚಿದ. ಎತ್ತುಗಳು ಬೇಸತ್ತು ಮಲಗಿದವು. ಬೀಗರು ಬಿಸಿಲಿಗೆ ಗೊಣಗಿದರು. ನನ್ನ ಮುಖದ ಹತ್ತಿರವೇ ಅವನ ಕೈ ಓಡಾಡುತ್ತಿತ್ತು. ನಾನು ಕತ್ತು ತಿರುಗಿಸಿ ಆ ಬಿದಿರನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದೆ. ಎಲ್ಲಿಯೂ ಸೀಳಿರಲಿಲ್ಲ.

"ಇನ್ನಾ ಒಂದು ಸುತ್ತು ಹಾಕು, ಅಪ್ಪಾ" ಎಂದೆ.